ಆದೇಶದ ತಲೆಬರಹದಲ್ಲೇ ಇದ್ದ ಉತ್ತರ: ಒಂದು ಸರ್ಕಾರಿ ಜಾಲತಾಣದ ಮೆಟಾಡೇಟಾ ಪ್ರಕರಣ

ಇದು ರಾಜ್ಯದ ಒಂದು ದೊಡ್ಡ ಇಲಾಖೆಯ ಜಾಲತಾಣದ ಮೆಟಾಡೇಟಾವನ್ನು, ಅಂದರೆ ಪ್ರತಿ ಕಡತವನ್ನು ಗುರುತಿಸಿ ಹುಡುಕಲು ನೆರವಾಗುವ ಶೀರ್ಷಿಕೆ, ದಿನಾಂಕ, ವಿಷಯ ಮುಂತಾದ ಮಾಹಿತಿಯನ್ನು, ಸರಿಪಡಿಸಿದ ಕೆಲಸದ ವಿವರ. ಇಲಾಖೆಯ ಹೆಸರನ್ನೂ ಅದರ ಯೋಜನೆಗಳ ಹೆಸರನ್ನೂ ಬಿಟ್ಟಿದ್ದೇನೆ. ಅಧಿಕಾರಿಗಳನ್ನು ಹುದ್ದೆಯಿಂದ ಮಾತ್ರ ಗುರುತಿಸಿದ್ದೇನೆ, ಕೆಲವು ಕಡೆ ಹುದ್ದೆಯನ್ನೂ ಬದಲಿಸಿದ್ದೇನೆ. ನಾನು ಈ ಕೆಲಸದಲ್ಲಿದ್ದದ್ದು ಹೊರಗಿನಿಂದ ಬಂದ ತಂಡದ ಸದಸ್ಯನಾಗಿ. ಮುಂದೆ ಹೇಳುವ ತಪ್ಪುಗಳಲ್ಲಿ ಒಂದು ಪಾಲು ನನ್ನದೂ ಹೌದು.

ಹಿನ್ನೆಲೆ

ಇಲಾಖೆಗೆ ಎಲ್ಲ ಜಿಲ್ಲೆಗಳಲ್ಲೂ ಕಚೇರಿಯಿದೆ. ತಾಲ್ಲೂಕು ಮಟ್ಟದಲ್ಲಿ ಅರ್ಜಿ ಪಡೆದು, ದಾಖಲೆ ನೋಡಿ, ಮೇಲಕ್ಕೆ ಕಳಿಸುವ ಸಿಬ್ಬಂದಿ ಇದ್ದಾರೆ. ಜಾಲತಾಣ ಶುರುವಾದಾಗ ಅದರಲ್ಲಿ ಇದ್ದದ್ದು ಸಚಿವರ ಫೋಟೊ, ಇಲಾಖೆಯ ಪರಿಚಯ, ದೂರವಾಣಿ ಪಟ್ಟಿ, ಇಷ್ಟೇ. 2005ರಲ್ಲಿ ಮಾಹಿತಿ ಹಕ್ಕು ಅಧಿನಿಯಮ ಬಂದು, ಅದರ 4(1)(ಬಿ) ಪ್ರಕರಣದಂತೆ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ರಚನೆ, ಕರ್ತವ್ಯ, ನಿಯಮ, ಸಿಬ್ಬಂದಿ, ಆಯವ್ಯಯ ಮುಂತಾದ ವಿವರಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು ಎಂದಾದ ಮೇಲೆ ತಾಣ ಊದತೊಡಗಿತು. ಪ್ರತಿ ಶಾಖೆಯೂ ವರ್ಷಕ್ಕೊಂದು ಕೈಪಿಡಿ ಏರಿಸುತ್ತಿತ್ತು. ಹಳೆಯದನ್ನು ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅದರ ಪಕ್ಕದಲ್ಲಿ ಆದೇಶ, ಸುತ್ತೋಲೆ, ಅಧಿಸೂಚನೆ, ಟೆಂಡರ್, ಜ್ಯೇಷ್ಠತಾ ಪಟ್ಟಿ, ಅರ್ಜಿ ನಮೂನೆಗಳು ಸೇರುತ್ತ ಹೋದವು. ನಾವು ಬರುವ ಹೊತ್ತಿಗೆ ತಾಣ ಎರಡು ಬಾರಿ ವೇದಿಕೆ (ತಾಣವನ್ನು ನಡೆಸುವ ತಂತ್ರಾಂಶ) ಬದಲಿಸಿತ್ತು. ಕಡತಗಳು ಹಲವು ಸಾವಿರ ಇದ್ದವು, ಹೆಚ್ಚಿನವು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು.

ಸರ್ಕಾರಿ ಜಾಲತಾಣಗಳು ಹೇಗಿರಬೇಕೆಂಬ ಕೇಂದ್ರ ಸರ್ಕಾರದ ಮಾರ್ಗಸೂಚಿ 2009ರಿಂದಲೂ ಇದೆ, 2023ರಲ್ಲಿ ಅದರ ಮೂರನೆಯ ಆವೃತ್ತಿಯೂ ಬಂದಿದೆ. ಪುಟಕ್ಕೆ ಅರ್ಥಪೂರ್ಣ ಶೀರ್ಷಿಕೆ ಇರಬೇಕು, ಮೆಟಾಡೇಟಾ ಇರಬೇಕು, ಹಳೆಯ ವಿಷಯವನ್ನು ಸಂಗ್ರಹಕ್ಕೆ ಸರಿಸಲು ಒಂದು ನೀತಿ ಇರಬೇಕು ಎಂದು ಅದು ಹೇಳುತ್ತದೆ. ಇಲಾಖೆಯ ಪರಿಶೀಲನಾ ಪಟ್ಟಿಯಲ್ಲಿ ಮೆಟಾಡೇಟಾ ಎಂಬುದರ ಎದುರು ‘ಇದೆ’ ಎಂದು ಟಿಕ್ ಬಿದ್ದಿತ್ತು. ಆ ಟಿಕ್ ಸುಳ್ಳೂ ಅಲ್ಲ. ಪ್ರತಿ ಪುಟದಲ್ಲೂ ಮೆಟಾಡೇಟಾ ಇತ್ತು, ಎಲ್ಲ ಪುಟಗಳಲ್ಲೂ ಒಂದೇ.

ಸಮಸ್ಯೆ ಎದ್ದು ಕಂಡದ್ದು

ಜಾಲತಾಣದಿಂದ ತೊಂದರೆಯಾಗುತ್ತಿದೆ ಎಂಬುದು ಮೇಲಿನವರ ಗಮನಕ್ಕೆ ಬಂದದ್ದು ಒಂದು ಜಿಲ್ಲಾ ಕಚೇರಿಯ ಪತ್ರದಿಂದ. ಒಂದು ತಾಲ್ಲೂಕಿನಲ್ಲಿ ಅರ್ಜಿದಾರಳೊಬ್ಬಳನ್ನು ಒಂದು ಪ್ರಮಾಣಪತ್ರ ತರಲು ಎರಡು ಸಲ ವಾಪಸ್ ಕಳಿಸಿದ್ದರು. ಆ ಪ್ರಮಾಣಪತ್ರದ ಅಗತ್ಯವನ್ನು ಇಲಾಖೆ ಬಹಳ ಹಿಂದೆಯೇ ಕೈಬಿಟ್ಟಿತ್ತು. ಗುಮಾಸ್ತರನ್ನು ವಿಚಾರಿಸಿದಾಗ ಅವರು ಜಾಲತಾಣದಿಂದ ಮುದ್ರಿಸಿಕೊಂಡ ಸುತ್ತೋಲೆಯನ್ನು ಮುಂದಿಟ್ಟರು. ಸುತ್ತೋಲೆ ಅಸಲಿಯೇ, ಪಟ್ಟಿಯಲ್ಲಿ ಮೇಲುಗಡೆಯೇ ಇತ್ತು, ಪಕ್ಕದಲ್ಲಿ ‘ಹೊಸತು’ ಎಂಬ ಕೆಂಪು ಪದ ಮಿನುಗುತ್ತಲೂ ಇತ್ತು.

ಆದದ್ದಿಷ್ಟು. ತಾಣ ಎರಡನೆಯ ಬಾರಿ ವೇದಿಕೆ ಬದಲಿಸಿದಾಗ ಹಳೆಯ ಕಡತಗಳೆಲ್ಲ ಒಂದೇ ವಾರಾಂತ್ಯದಲ್ಲಿ ಹೊಸ ಕಡೆಗೆ ಬಂದವು, ಎಲ್ಲಕ್ಕೂ ಆ ವಾರಾಂತ್ಯದ ದಿನಾಂಕವೇ ಅಂಟಿಕೊಂಡಿತು. ತಾಣ ಸುತ್ತೋಲೆಗಳನ್ನು ಜೋಡಿಸುತ್ತಿದ್ದುದು ಅಪ್‌ಲೋಡ್ ಆದ ದಿನಾಂಕದ ಪ್ರಕಾರ, ಆದೇಶ ಹೊರಟ ದಿನಾಂಕದ ಪ್ರಕಾರ ಅಲ್ಲ. ಏಕೆಂದರೆ ಆದೇಶದ ದಿನಾಂಕ ಎಂಬ ಕ್ಷೇತ್ರವೇ ಅದರಲ್ಲಿ ಇರಲಿಲ್ಲ. ಹಳೆಯ ಸುತ್ತೋಲೆ ಮೇಲೆ ಬಂತು; ಅದನ್ನು ಬದಲಿಸಿದ ಆದೇಶ ಬೇರೊಂದು ಶಾಖೆಯ ಪುಟದಲ್ಲಿ, ‘ಸ್ಕ್ಯಾನ್0045’ ಎಂಬ ಹೆಸರಿನಲ್ಲಿ, ಯಾರ ಕಣ್ಣಿಗೂ ಬೀಳದೆ ಕುಳಿತಿತ್ತು.

ಈ ಪತ್ರದಿಂದ ಇನ್ನೊಂದು ಸಂಗತಿಯೂ ನಮಗೆ ಹೊಳೆಯಿತು. ಜಾಲತಾಣವನ್ನು ಬಳಸುವವರು ಸಾರ್ವಜನಿಕರು ಎಂಬ ನಂಬಿಕೆಯ ಮೇಲೆ ನಮ್ಮ ಯೋಜನೆಯೆಲ್ಲ ನಿಂತಿತ್ತು. ದಿನವೂ ಅದನ್ನು ತೆರೆಯುತ್ತಿದ್ದವರು ಇಲಾಖೆಯದೇ ತಾಲ್ಲೂಕು ಸಿಬ್ಬಂದಿ. ಸಾರ್ವಜನಿಕರು ಅವರನ್ನು ಕೇಳುತ್ತಿದ್ದರು, ಅವರು ತಾಣವನ್ನು ಕೇಳುತ್ತಿದ್ದರು.

ಬಳಿಕ ಒಂದು ಶಾಖೆಯ ಕಡತಗಳನ್ನು ಒಂದೊಂದಾಗಿ ತೆರೆದು ನೋಡಿದೆವು. ಪಿಡಿಎಫ್‌ಗಳ ಒಳಗಿನ ಶೀರ್ಷಿಕೆ ‘ಮೈಕ್ರೋಸಾಫ್ಟ್ ವರ್ಡ್ - ಡಾಕ್ಯುಮೆಂಟ್1’ ಎಂದೋ ಸ್ಕ್ಯಾನರಿನ ಮಾದರಿಯ ಹೆಸರೋ ಆಗಿರುತ್ತಿತ್ತು, ಕರ್ತೃವಿನ ಜಾಗದಲ್ಲಿ ‘ಅಡ್ಮಿನ್’. ಕನ್ನಡ ಪುಟಗಳಿಗೂ ಭಾಷೆ ಇಂಗ್ಲಿಷ್ ಎಂದು ಗುರುತು ಹಾಕಿತ್ತು. ಆದ್ದರಿಂದ ದೃಷ್ಟಿಹೀನರು ಬಳಸುವ ತೆರೆಯೋದುಗ ತಂತ್ರಾಂಶ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತೊದಲುತ್ತಿತ್ತು. ಇನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ದಾಖಲೆಗಳು. ಕಣ್ಣಿಗೆ ಅದು ‘ಕರ್ನಾಟಕ’ ಎಂದೇ ಕಾಣುತ್ತದೆ, ಆದರೆ ಒಳಗೆ ಸಂಗ್ರಹವಾಗಿರುವುದು ಇಂಗ್ಲಿಷಿನ ಪಿ, ಅದರ ಬೆನ್ನಿಗೆ ತಲೆಯ ಮೇಲೆ ಓರೆಗೆರೆ ಇರುವ ಒಂದು ಎ, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಹೀಗೆ. ಸರ್ಚ್ ಎಂಜಿನ್ ಓದುವುದು ಈ ಒಳಗಿನದನ್ನು. ಅದರ ಪಾಲಿಗೆ ಆ ಆದೇಶದಲ್ಲಿ ಕನ್ನಡದ ಒಂದಕ್ಷರವೂ ಇಲ್ಲ.

ಕೈಕೊಟ್ಟ ಎರಡು ಪ್ರಯತ್ನ

ನಾವು ಬರುವ ಮೊದಲೇ ಇಲಾಖೆ ಒಂದು ಪ್ರಯತ್ನ ಮಾಡಿತ್ತು: ಪ್ರತಿ ಪುಟದ ತಲೆಯಲ್ಲಿ ಯೋಜನೆಗಳ ಹೆಸರು, ಜಿಲ್ಲೆಗಳ ಹೆಸರು, ಸಾಧ್ಯವಿದ್ದ ಕಾಗುಣಿತಗಳೆಲ್ಲ ಸೇರಿದ ಉದ್ದನೆಯ ಕೀವರ್ಡ್ (ಹುಡುಕುಪದ) ಪಟ್ಟಿಯನ್ನು ತುಂಬಿಸಿದ್ದರು. ಹೀಗೆ ಮಾಡಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆ ಎಂಬ ನಂಬಿಕೆ. ಇಂಥ ಪಟ್ಟಿ ಕೂರುವ ಕೀವರ್ಡ್ ಟ್ಯಾಗನ್ನು ತಾನು ಶ್ರೇಯಾಂಕಕ್ಕೆ ಪರಿಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲಿಯೇ ಬಹಿರಂಗವಾಗಿ ಹೇಳಿತ್ತು. ಈ ಪ್ರಯತ್ನದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ಎರಡನೆಯದು ನಮ್ಮದು. ನಾವು ಪುಸ್ತಕ ಓದಿಕೊಂಡು ಬಂದಿದ್ದೆವು. ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಊರಿನಲ್ಲಿ 1995ರಲ್ಲಿ ಸೇರಿದ ಕಾರ್ಯಾಗಾರದಿಂದ ಹುಟ್ಟಿದ ‘ಡಬ್ಲಿನ್ ಕೋರ್’ ಎಂಬ ಮಾನಕದಲ್ಲಿ 15 ಘಟಕಗಳಿವೆ: ಶೀರ್ಷಿಕೆ, ಕರ್ತೃ, ವಿಷಯ, ವಿವರಣೆ, ಪ್ರಕಾಶಕ, ದಿನಾಂಕ, ಭಾಷೆ, ಸಂಬಂಧ, ವ್ಯಾಪ್ತಿ, ಹಕ್ಕು ಇತ್ಯಾದಿ. ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನ ಸರ್ಕಾರಗಳು ಇದಕ್ಕೇ ತಮ್ಮ ಅಗತ್ಯದ ಘಟಕಗಳನ್ನು ಸೇರಿಸಿ ಸ್ವಂತ ಮಾನಕ ಮಾಡಿಕೊಂಡಿದ್ದವು. ನಾವೂ ಹದಿನೈದಕ್ಕೆ ಇನ್ನಷ್ಟು ಸೇರಿಸಿ, ಎರಡು ತೆರೆಗಳಷ್ಟು ಉದ್ದದ ನಮೂನೆಯೊಂದನ್ನು ಮಾಡಿ, ಎಲ್ಲ ಕ್ಷೇತ್ರಗಳನ್ನೂ ಕಡ್ಡಾಯಗೊಳಿಸಿದೆವು. ತುಂಬದಿದ್ದರೆ ಕಡತ ಏರುವಂತಿಲ್ಲ.

ಕಡತಗಳು ಏರಿದವು. ನಮೂನೆಯ ಹಿಂದಿನ ಕೋಷ್ಟಕವನ್ನು ತೆಗೆದು ನೋಡಿದಾಗ ‘ವಿವರಣೆ’ ಎಂಬಲ್ಲಿ ಒಂದು ಪೂರ್ಣವಿರಾಮ ಚಿಹ್ನೆ ಮಾತ್ರ ಇರುವ ಸಾಲುಗಳು ಕೆಳಗಿನವರೆಗೂ ಇದ್ದವು. ‘ಹಕ್ಕು’ ಎಂಬುದರ ಎದುರು ‘ಇಲ್ಲ’ ಎಂದಿತ್ತು. ‘ವ್ಯಾಪ್ತಿ’ಯ ಎದುರು ಒಬ್ಬರು ನಿಷ್ಠೆಯಿಂದ ‘ವ್ಯಾಪ್ತಿಯಲ್ಲಿ ಬರುತ್ತದೆ’ ಎಂದು ಬರೆಯುತ್ತಿದ್ದರು. ವಿಷಯವರ್ಗದ ಡ್ರಾಪ್‌ಡೌನಿನಲ್ಲಿ ಕೊನೆಯ ಆಯ್ಕೆಯಾಗಿ ‘ಇತರೆ’ ಎಂದು ಇಟ್ಟಿದ್ದೆವು. ಕೆಲವೇ ವಾರಗಳಲ್ಲಿ ಇಲಾಖೆಯ ಅತಿ ದೊಡ್ಡ ವಿಷಯ ‘ಇತರೆ’ ಆಯಿತು. ಸಿಬ್ಬಂದಿ ಸೋಮಾರಿಗಳು ಎಂದು ಆಗ ನಮ್ಮ ತಂಡದಲ್ಲಿ ಮಾತಾಯಿತು. ಅದು ಅನ್ಯಾಯದ ಮಾತು. ನಮೂನೆ ತುಂಬುತ್ತಿದ್ದವರು ಗುತ್ತಿಗೆಯ ಮೇಲಿದ್ದ ಡೇಟಾ ಎಂಟ್ರಿ ಆಪರೇಟರುಗಳು. ಆದೇಶವನ್ನು ಬರೆದವರು ಅವರಲ್ಲ, ಓದುವಷ್ಟು ಸಮಯವೂ ಅವರಿಗೆ ಇರಲಿಲ್ಲ. ತಾವು ನೋಡದ ಕಡತದ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳಿದರೆ ಯಾರು ತಾನೇ ಏನು ಬರೆದಾರು?

ತಿರುವು

ಒಂದೇ ಒಂದು ಶಾಖೆಯ ಸಾಲುಗಳು ಮಾತ್ರ ಸರಿಯಾಗಿದ್ದವು. ಅಲ್ಲಿಗೆ ಹೋಗಿ ನೋಡಿದೆವು. ಅಲ್ಲಿನ ಅಧೀಕ್ಷಕಿ ಆಪರೇಟರಿಗೆ ನಮೂನೆಯನ್ನು ಬಿಟ್ಟಿರಲಿಲ್ಲ. ಸಹಿಯಾದ ಆದೇಶವನ್ನು ಮೇಜಿನ ಮೇಲೆ ಹರಡಿಕೊಂಡು, ಅದರ ತಲೆಬರಹದಿಂದ ಒಂದೊಂದೇ ಸಾಲನ್ನು ತಾವೇ ಓದಿ ಹೇಳುತ್ತಿದ್ದರು, ಆಪರೇಟರು ಟೈಪ್ ಮಾಡುತ್ತಿದ್ದರು. “ಎಲ್ಲ ಆದೇಶದಲ್ಲೇ ಇದೆಯಲ್ಲ ಸರ್, ಮತ್ತೆ ಯಾಕೆ ಕೇಳ್ತೀರಿ?” ಎಂದು ಅವರು ಕೇಳಿದರು. ಹೇಳಲು ನಮ್ಮಲ್ಲಿ ಉತ್ತರವಿರಲಿಲ್ಲ.

ಸರ್ಕಾರಿ ಆದೇಶ ನೋಡಿದವರಿಗೆ ಅದರ ಅಚ್ಚು ಗೊತ್ತು. ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದು ಮೇಲೆ; ಕೆಳಗೆ ‘ವಿಷಯ’; ಅದರ ಕೆಳಗೆ ‘ಓದಲಾಗಿದೆ’ ಎಂದು ಹಿಂದಿನ ಆದೇಶಗಳ ಸಂಖ್ಯೆ, ದಿನಾಂಕಗಳ ಪಟ್ಟಿ; ಆಮೇಲೆ ‘ಪ್ರಸ್ತಾವನೆ’, ಅದರ ನಂತರ ಆದೇಶದ ಸಂಖ್ಯೆ, ಸ್ಥಳ, ದಿನಾಂಕ, ಆದೇಶದ ಒಡಲು, ರಾಜ್ಯಪಾಲರ ಹೆಸರಿನಲ್ಲಿ ಸಹಿ, ಕೊನೆಗೆ ಪ್ರತಿ ಯಾರಿಗೆ ಹೋಗಬೇಕೆಂಬ ಪಟ್ಟಿ. ಸಂಖ್ಯೆಯೊಳಗೂ ಅರ್ಥವಿದೆ. ಕಂದಾಯ ಇಲಾಖೆಯಾದರೆ ‘ಕಂಇ’, ನಗರಾಭಿವೃದ್ಧಿಯಾದರೆ ‘ನಅಇ’ ಎಂದು ಇಲಾಖೆಯ ಮೊದಲಕ್ಷರಗಳು, ನಂತರ ಕಡತದ ಸಂಖ್ಯೆ, ಶಾಖೆಯ ಸಂಕೇತ, ವರ್ಷ. ನಾವು ಡಬ್ಲಿನ್ನಿನಿಂದ ತಂದಿದ್ದ ಕ್ಷೇತ್ರಗಳಲ್ಲಿ ಬೇಕಾದವೆಲ್ಲ ಇಲ್ಲಿದ್ದವು. ಗುರುತುಸಂಖ್ಯೆ, ದಿನಾಂಕ, ಕರ್ತೃ, ವಿಷಯ ಸರಿಯೇ ಸರಿ. ‘ಸಂಬಂಧ’ ಎಂಬ ಕ್ಷೇತ್ರ ಅಂದರೆ ‘ಓದಲಾಗಿದೆ’, ‘ಓದುಗವರ್ಗ’ ಎಂದರೆ ಕೊನೆಯ ಪ್ರತಿಗಳ ಪಟ್ಟಿ. ಆದೇಶವನ್ನು ಕರಡು ಮಾಡುವ ವಿಷಯ ನಿರ್ವಾಹಕರು ಇವನ್ನೆಲ್ಲ ತಲೆಮಾರುಗಳಿಂದ ಬರೆಯುತ್ತಲೇ ಬಂದಿದ್ದಾರೆ. ಕಾಗದದ ಮೇಲೆ ಅಚ್ಚುಕಟ್ಟಾಗಿದ್ದ ಮೆಟಾಡೇಟಾವನ್ನು ಸ್ಕ್ಯಾನರಿನ ಬಾಯಲ್ಲಿ ಕಳೆದು, ಆಮೇಲೆ ಅದನ್ನೇ ಬೇರೆ ಹೆಸರಿನಲ್ಲಿ ಆಪರೇಟರರ ಹತ್ತಿರ ಕೇಳುತ್ತಿದ್ದೆವು.

ಅಲ್ಲಿಂದ ಎರಡು ನಿರ್ಧಾರಗಳು ಹೊರಟವು. ಒಂದು, ನಮೂನೆಯನ್ನು ತುಂಬುವುದು ಆಪರೇಟರ ಕೆಲಸವಲ್ಲ, ಕರಡು ಮಾಡಿದ ವಿಷಯ ನಿರ್ವಾಹಕರ ಕೆಲಸ. ಎರಡು, ಕ್ಷೇತ್ರಗಳು ಆರೇ: ಸಂಖ್ಯೆ, ದಿನಾಂಕ, ಕಿರುಶೀರ್ಷಿಕೆ, ವಿಷಯವರ್ಗ, ಸ್ಥಳ, ಹಿಂದಿನ ಆದೇಶ. ಶಾಖೆಯ ಹೆಸರು ಲಾಗಿನ್‌ನಿಂದ ತಾನಾಗಿ ಬರಲಿ, ಭಾಷೆಯನ್ನು ತಂತ್ರಾಂಶ ಗುರುತಿಸಲಿ, ಉಳಿದದ್ದು ಬೇಡ. ನಮೂನೆಯ ಕ್ಷೇತ್ರಗಳನ್ನು ಆದೇಶದ ಅಚ್ಚಿನ ಕ್ರಮದಲ್ಲೇ ಜೋಡಿಸಿದೆವು.

ಆರು ಕ್ಷೇತ್ರಗಳ ಒಳಗೆ

ಆರೇ ಎಂದರೂ ಪ್ರತಿಯೊಂದರಲ್ಲೂ ಒಂದೊಂದು ತೊಡಕಿತ್ತು.

ದಿನಾಂಕವನ್ನು ಯಂತ್ರವೇ ಓದಿಕೊಳ್ಳಲಿ ಎಂದು ಹಳೆಯ ಕಡತಗಳ ಮೇಲೆ ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಪಠ್ಯವಾಗಿಸುವ ತಂತ್ರಾಂಶ) ಓಡಿಸಿದೆವು. ಅಚ್ಚಾದ ಕನ್ನಡವನ್ನು ಅದು ತಕ್ಕಮಟ್ಟಿಗೆ ಓದಿತು, ದಿನಾಂಕದಲ್ಲೇ ಎಡವಿತು. ಕಾರಣ ಆಮೇಲೆ ತಿಳಿಯಿತು. ಆದೇಶ ಟೈಪಾಗುವಾಗ ಸಹಿ ಎಂದು ಬೀಳುತ್ತದೋ ಗೊತ್ತಿರುವುದಿಲ್ಲ, ಆದ್ದರಿಂದ ‘ದಿನಾಂಕ’ ಎಂಬುದರ ಮುಂದೆ ಜಾಗ ಬಿಟ್ಟಿರುತ್ತಾರೆ. ಸಹಿಯಾದ ಮೇಲೆ ಪೆನ್ನಿನಲ್ಲಿ ತುಂಬುತ್ತಾರೆ. ಎಷ್ಟೋ ಕಡೆ ಕಚೇರಿಯ ಮೊಹರು ಅದರ ಮೇಲೇ ಬಿದ್ದಿರುತ್ತದೆ. ಇಡೀ ದಾಖಲೆಯಲ್ಲಿ ನಮಗೆ ಅತ್ಯಂತ ಮುಖ್ಯವಾದ ಮಾಹಿತಿಯೇ ಕೈಬರಹದಲ್ಲಿತ್ತು. ಹಳೆಯ ಆದೇಶಗಳ ದಿನಾಂಕವನ್ನು ಕೊನೆಗೆ ಮನುಷ್ಯರೇ ಕೂತು ನೋಡಿ ತುಂಬಬೇಕಾಯಿತು.

ಶೀರ್ಷಿಕೆಗೆ ಆದೇಶದ ‘ವಿಷಯ’ವನ್ನೇ ಇಟ್ಟರೆ ಸಾಕು ಎಂದುಕೊಂಡಿದ್ದೆವು. ಸಾಲಲಿಲ್ಲ. ನಮ್ಮ ಕಚೇರಿ ಕನ್ನಡದಲ್ಲಿ ವಿಷಯದ ಸಾಲು ಯೋಜನೆಯ ಪೂರ್ಣ ಹೆಸರಿನಿಂದ ಶುರುವಾಗಿ, ಯಾವ ಸಾಲಿಗೆ, ಯಾರಿಗೆ ಎಂದು ಸುತ್ತಿ, ನಿಜವಾದ ಸಂಗತಿಯನ್ನು ತುದಿಯಲ್ಲಿ ಹೇಳಿ ‘ಕುರಿತು’ ಅಥವಾ ‘ಬಗ್ಗೆ’ ಎಂದು ಮುಗಿಯುತ್ತದೆ. ಮೊಬೈಲಿನ ಪಟ್ಟಿಯಲ್ಲಿ ಮೊದಲ ಆರೇಳು ಪದ ಮಾತ್ರ ಕಾಣುವುದರಿಂದ, ಒಂದೇ ಯೋಜನೆಯ ಹತ್ತು ಆದೇಶಗಳು ಹತ್ತೂ ಒಂದೇ ತರಹ ಕಾಣುತ್ತಿದ್ದವು. ಹೀಗಾಗಿ ಹೊಸದಾಗಿ ಬರೆಯಬೇಕಾದ ಒಂದೇ ಕ್ಷೇತ್ರವೆಂದರೆ ಕಿರುಶೀರ್ಷಿಕೆ: ಬದಲಾದದ್ದೇನು ಎಂಬುದು ಮೊದಲು, ಯೋಜನೆಯ ಹೆಸರು ಆಮೇಲೆ. ‘ಅರ್ಜಿಯೊಡನೆ ಕೊಡಬೇಕಾದ ದಾಖಲೆಗಳು: ತಿದ್ದುಪಡಿ’ ಎಂಬಂತೆ. ಇದನ್ನು ಬರೆಯಲು ವಿಷಯ ನಿರ್ವಾಹಕರು ಆರಂಭದಲ್ಲಿ ಹಿಂಜರಿದರು. ಸರ್ಕಾರದ ಮಾತನ್ನು ತಾವು ಚಿಕ್ಕದು ಮಾಡುವುದು ಹೇಗೆ ಎಂಬ ಅಳುಕು ಅದು. ಪೂರ್ಣ ‘ವಿಷಯ’ ಕೆಳಗೇ ಇರುತ್ತದೆ ಎಂದು ತೋರಿಸಿದ ಮೇಲೆ ಒಪ್ಪಿದರು.

ಸ್ಥಳದ ಕ್ಷೇತ್ರದಲ್ಲಿ ನಮಗೆ ಪಾಠ ಕಲಿಸಿದ್ದು ಹರಪನಹಳ್ಳಿ. ಆ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅಲ್ಲಿಗೆ ಸೇರಿತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿ ಕೊಡುವ ವಿಶೇಷ ಸೌಲಭ್ಯದ ಹಿನ್ನೆಲೆಯಲ್ಲಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಅದರ ಪಾಲಾಯಿತು. ಆ ತಾಲ್ಲೂಕಿನ ಗುಮಾಸ್ತರು ತಮಗೆ ಅನ್ವಯಿಸುವ ಹಳೆಯ ಆದೇಶ ಬೇಕೆಂದರೆ ಮೂರು ಜಿಲ್ಲೆಗಳ ಹೆಸರಿನಲ್ಲಿ ಹುಡುಕಬೇಕು. ಇಂಗ್ಲಿಷ್ ಪುಟಗಳಲ್ಲಿ ಇನ್ನೊಂದು ರಗಳೆ: 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಸೇರಿ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಗಿ, ಅದಕ್ಕಿಂತ ಹಿಂದಿನ ಪುಟಗಳೆಲ್ಲ ಹಳೆಯ ಹೆಸರಿನಲ್ಲೇ ಉಳಿದಿದ್ದವು. ಹೆಸರಿನ ಬದಲು ಕೇಂದ್ರದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿ ಕೊಡುವ ಸಂಕೇತಸಂಖ್ಯೆಯನ್ನು ಒಳಗೆ ಇಟ್ಟು, ಗುರುತು ಹಾಕುವುದನ್ನು ತಾಲ್ಲೂಕಿನ ಮಟ್ಟಕ್ಕೆ ಇಳಿಸಿದೆವು. ಜಿಲ್ಲೆಯ ಗಡಿ ಬದಲಾದರೆ ತಾಲ್ಲೂಕು ಯಾವ ಜಿಲ್ಲೆಗೆ ಸೇರಿದೆ ಎಂಬ ಒಂದು ಸಾಲನ್ನು ತಿದ್ದಿದರೆ ಮುಗಿಯಿತು, ಕಡತಗಳನ್ನು ಮುಟ್ಟಬೇಕಾದ್ದಿಲ್ಲ.

ವಿಷಯವರ್ಗದ ಮೇಲೆ ನಡೆದಷ್ಟು ಸಭೆ ಬೇರಾವುದರ ಮೇಲೂ ನಡೆಯಲಿಲ್ಲ. ಶಾಖೆಗಳ ಹೆಸರನ್ನೇ ವರ್ಗಗಳಾಗಿ ಇಡಬೇಕೆಂಬುದು ಎಲ್ಲ ಶಾಖೆಗಳ ಒತ್ತಾಯ. ಆದರೆ ಯಾವ ಕೆಲಸ ಯಾವ ಶಾಖೆಯದು ಎಂಬುದು ಹೊರಗಿನವರಿಗೆ ಹೋಗಲಿ, ಜಿಲ್ಲೆಯವರಿಗೂ ತಿಳಿಯದು, ಮತ್ತು ಶಾಖೆಗಳ ನಡುವೆ ಕೆಲಸ ಹಂಚಿಕೆ ಆಗಾಗ ಬದಲಾಗುತ್ತದೆ. ಬ್ರಿಟನ್ ಸರ್ಕಾರ 2012ರಲ್ಲಿ ಆರಂಭಿಸಿದ ಒಂದೇ ಜಾಲತಾಣಕ್ಕೆ ನೂರಾರು ಸಂಸ್ಥೆಗಳ ತಾಣಗಳನ್ನು ತಂದು ಸೇರಿಸಿದಾಗ, ಒಂದರ ಮೇಲೊಂದು ಬಿದ್ದ ಹಲವು ವರ್ಗೀಕರಣಗಳನ್ನು ಆಮೇಲೆ ಒಂದು ವಿಷಯಪಟ್ಟಿಗೆ ಇಳಿಸುವ ಕೆಲಸಕ್ಕೆ ವರ್ಷಗಳೇ ಹಿಡಿದವು. ಅದನ್ನು ಸಭೆಯಲ್ಲಿ ಹೇಳಿದಾಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ, ಅದು ಸಹಜ. ಕೆಲಸಕ್ಕೆ ಬಂದದ್ದು ಸಹಾಯವಾಣಿಯ ದಾಖಲೆ ಪುಸ್ತಕ. ಜನ ಏನೆಂದು ಕೇಳಿದರು ಎಂಬುದನ್ನು ಅಲ್ಲಿನವರು ಅವರ ಮಾತಿನಲ್ಲೇ ಗೀಚಿಟ್ಟಿದ್ದರು. ಅದನ್ನು ಎದುರಿಗಿಟ್ಟುಕೊಂಡು ವರ್ಗಗಳನ್ನು ಮಾಡಿದೆವು; ‘ಇತರೆ’ಯನ್ನು ತೆಗೆದುಹಾಕಿದೆವು.

ಜನರ ಮಾತಿಗೂ ಕಚೇರಿಯ ಮಾತಿಗೂ ಇರುವ ದೂರವನ್ನು ಬೇರೆ ಇಲಾಖೆಯ ಉದಾಹರಣೆಯಿಂದ ಹೇಳಬಹುದು. ಹೊಲದ ಒಂದೇ ದಾಖಲೆಗೆ ಮೈಸೂರು ಕಡೆ ಪಹಣಿ, ಬೆಳಗಾವಿ ಧಾರವಾಡದ ಕಡೆ ಉತಾರ, ಇಂಗ್ಲಿಷಿನಲ್ಲಿ ಆರ್‌ಟಿಸಿ ಎನ್ನುತ್ತಾರೆ. ನಮ್ಮ ಇಲಾಖೆಯ ಪ್ರತಿ ವರ್ಗಕ್ಕೂ ಹೀಗೆ ಆಡುಮಾತಿನ ಪರ್ಯಾಯಗಳನ್ನು, ಯೋಜನೆಗಳ ಹಳೆಯ ಹೆಸರುಗಳನ್ನು ಒಳಗೆ ಜೋಡಿಸಿಟ್ಟೆವು. ತುಂಬುವವರಿಗೆ ಒಂದೇ ಹೆಸರು, ಹುಡುಕುವವರಿಗೆ ಎಲ್ಲ ಹೆಸರೂ.

‘ಯೋಜನೆ’ ಸಿಗದ ಹುಡುಕಾಟ

ಇಷ್ಟಾದ ಮೇಲೂ ಒಂದು ದಿನ ‘ಯೋಜನೆ’ ಎಂದು ಟೈಪ್ ಮಾಡಿ ಹುಡುಕಿದರೆ, ಶೀರ್ಷಿಕೆಯಲ್ಲೇ ಆ ಪದ ಇರುವ ಹಲವು ಆದೇಶಗಳು ಬರಲಿಲ್ಲ. ತೆರೆಯ ಮೇಲೆ ಅಕ್ಷರಕ್ಷರವೂ ಒಂದೇ. ಒಳಗೆ ಬೇರೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತಸಂಖ್ಯೆ ಕೊಡುವ ಮಾನಕವಾದ ಯೂನಿಕೋಡ್‌ನಲ್ಲಿ ‘ಯೋ’ ಎಂಬುದನ್ನು ‘ಯ’ಕ್ಕೆ ಒಂದೇ ಓತ್ವದ ಚಿಹ್ನೆ ಸೇರಿಸಿ ಬರೆಯಬಹುದು, ಅಥವಾ ಎತ್ವ, ಕೊಂಬಿನ ದೀರ್ಘ, ಅದರ ಮೇಲೊಂದು ದೀರ್ಘದ ಗುರುತು ಎಂದು ಮೂರು ತುಂಡುಗಳಲ್ಲೂ ಕಟ್ಟಬಹುದು, ಕಣ್ಣಿಗೆ ಎರಡೂ ‘ಯೋ’. ನುಡಿಯಿಂದ ಪರಿವರ್ತಿಸಿದ ಪಠ್ಯದಲ್ಲಿ ತುಂಡಿನ ರೂಪ ಉಳಿದಿತ್ತು, ಕೀಲಿಮಣೆಯಿಂದ ಬರುವುದು ಇಡಿಯ ರೂಪ. ಎರಡೂ ಸಮಾನ ಎಂದು ಯೂನಿಕೋಡ್ ಮಾನಕವೇ ಹೇಳುತ್ತದೆ, ಆದರೆ ಆ ಸಮೀಕರಣವನ್ನು ಹುಡುಕುವ ತಂತ್ರಾಂಶ ಮಾಡಿಕೊಳ್ಳಬೇಕು, ನಮ್ಮದು ಮಾಡುತ್ತಿರಲಿಲ್ಲ. ಜೊತೆಗೆ ‘೨೦೧೯’ ಎಂದು ಬರೆದ ಸಂಖ್ಯೆ ‘2019’ ಎಂದು ಹುಡುಕಿದವರಿಗೆ ಸಿಗುತ್ತಿರಲಿಲ್ಲ. ‘ವಿದ್ಯಾರ್ಥಿವೇತನ’ ಮತ್ತು ‘ವಿದ್ಯಾರ್ಥಿ ವೇತನ’ ಬೇರೆ ಬೇರೆ ಎನಿಸಿಕೊಳ್ಳುತ್ತಿದ್ದವು. ಒತ್ತಕ್ಷರ ಬೇಡವೆಂದು ನಡುವೆ ಸೇರಿಸುವ ಕಣ್ಣಿಗೆ ಕಾಣದ ಚಿಹ್ನೆ ಕೆಲವು ಪದಗಳಲ್ಲಿತ್ತು, ಕೆಲವದರಲ್ಲಿ ಇರಲಿಲ್ಲ.

ಹುಡುಕಾಟದ ಸೂಚಿಗೆ ಸೇರುವ ಮೊದಲು ಪಠ್ಯವನ್ನು ಏಕರೂಪಕ್ಕೆ ತರುವ ಸಣ್ಣ ತಂತ್ರಾಂಶವೊಂದನ್ನು ನಡುವೆ ಕೂರಿಸಿದೆವು. ಇಡೀ ಕೆಲಸದಲ್ಲಿ ಅತಿ ಕಡಿಮೆ ಶ್ರಮ ಬೇಡಿದ ಮತ್ತು ಅತಿ ತಡವಾಗಿ ಹೊಳೆದ ಭಾಗ ಇದು. ಮೊದಲೇ ಮಾಡಬೇಕಿತ್ತು.

ರದ್ದು ಎಂದು ಹೇಳುವವರು ಯಾರು

ಎಲ್ಲಕ್ಕಿಂತ ಕಷ್ಟವಾದದ್ದು ಕೊನೆಯ ಕ್ಷೇತ್ರ, ‘ಹಿಂದಿನ ಆದೇಶ’. ಹಿಂದೆ ಹೇಳಿದ ಅರ್ಜಿದಾರಳ ತೊಂದರೆಗೆ ಮದ್ದು ಅದರಲ್ಲೇ ಇತ್ತು: ಹಳೆಯ ಸುತ್ತೋಲೆಯ ಪುಟದಲ್ಲಿ ‘ಇದು ಜಾರಿಯಲ್ಲಿಲ್ಲ’ ಎಂದು ತೋರಿಸಬೇಕು. ನಾವು ಮೊದಲು ಅದರ ಜಾಗದಲ್ಲಿ ‘ಸ್ಥಿತಿ’ ಎಂಬ ಕ್ಷೇತ್ರವಿಟ್ಟು ‘ಜಾರಿಯಲ್ಲಿದೆ’, ‘ರದ್ದಾಗಿದೆ’ ಎಂಬ ಎರಡು ಆಯ್ಕೆ ಕೊಟ್ಟೆವು. ಯಾರೂ ‘ರದ್ದಾಗಿದೆ’ ಒತ್ತಲಿಲ್ಲ. ಸರ್ಕಾರದ ಆದೇಶವನ್ನು ರದ್ದು ಎನ್ನಲು ಗುಮಾಸ್ತರಿಗೆ ಯಾವ ಅಧಿಕಾರ ಎಂದು ಒಬ್ಬ ಶಾಖಾಧಿಕಾರಿ ನೇರವಾಗಿ ಕೇಳಿದರು. ಅವರ ವಾದದಲ್ಲಿ ತಿರುಳಿತ್ತು. ನಂತರದ ಆದೇಶ ಕೆಲವೊಮ್ಮೆ ಹಿಂದಿನದನ್ನು ‘ಅಧಿಕ್ರಮಿಸಿ’, ಅಂದರೆ ಅದರ ಜಾಗಕ್ಕೆ ತಾನೇ ಬಂದು, ಹೊರಡುತ್ತದೆ, ಕೆಲವೊಮ್ಮೆ ‘ಭಾಗಶಃ ಮಾರ್ಪಡಿಸಿ’, ಹಲವು ಸಲ ಏನನ್ನೂ ಹೇಳದೆ ಬೇರೆಯದನ್ನೇ ವಿಧಿಸುತ್ತದೆ. ಎಷ್ಟು ಭಾಗ ಉಳಿಯಿತು ಎಂಬುದು ಕಾನೂನಿನ ಪ್ರಶ್ನೆ, ಅದನ್ನು ಡ್ರಾಪ್‌ಡೌನಿನಲ್ಲಿ ತೀರ್ಮಾನಿಸಲಾಗದು.

ಎರಡು ತಿಂಗಳು ಇದು ಹೀಗೇ ನಿಂತಿತು. ಬಿಡಿಸಿದ್ದು ಒಂದು ಸಣ್ಣ ಮಾತಿನ ಬದಲಾವಣೆ. ‘ಸ್ಥಿತಿ’ಯನ್ನು ಕಿತ್ತುಹಾಕಿ, ಹೊಸ ಆದೇಶ ಏರಿಸುವವರು ಅದರ ‘ಓದಲಾಗಿದೆ’ ಪಟ್ಟಿಯಲ್ಲಿರುವ ಸಂಖ್ಯೆಗಳನ್ನು ಮಾತ್ರ ನಮೂದಿಸಲಿ ಎಂದೆವು. ತಾಣವೇ ಆ ಹಳೆಯ ಆದೇಶಗಳ ಪುಟಗಳಿಗೆ ಹೋಗಿ, ನೆತ್ತಿಯ ಮೇಲೆ ಹಳದಿ ಪಟ್ಟಿಯಲ್ಲಿ ‘ಇದನ್ನು ಉಲ್ಲೇಖಿಸಿದ ನಂತರದ ಆದೇಶ’ ಎಂದು ಹೊಸದರ ಕೊಂಡಿ ತೋರಿಸುತ್ತದೆ. ಇದು ತೀರ್ಪಲ್ಲ, ಇದ್ದ ಸಂಗತಿಯ ಹೇಳಿಕೆ. ಆ ಶಾಖಾಧಿಕಾರಿಯೇ ಮೊದಲು ಒಪ್ಪಿದರು. ಓದುವ ಗುಮಾಸ್ತರಿಗೆ ಅಷ್ಟು ಸಾಕಾಯಿತು. ಹಳದಿ ಪಟ್ಟಿ ಕಂಡರೆ ಕೊಂಡಿ ಒತ್ತಿ ಮುಂದಿನದನ್ನು ನೋಡುತ್ತಾರೆ.

ಹಳೆಯ ಕಡತಗಳ ರಾಶಿಯನ್ನು ಸೋಸುವ ದಾರಿಯೂ ಇದರಿಂದಲೇ ಸಿಕ್ಕಿತು. ಎಲ್ಲವನ್ನೂ ತಿದ್ದುತ್ತೇವೆಂದು ಹೊರಟಿದ್ದರೆ ಇಂದಿಗೂ ಮುಗಿಯುತ್ತಿರಲಿಲ್ಲ. ಈಗ ನಡೆಯುತ್ತಿರುವ ಪ್ರತಿ ಯೋಜನೆಯ ಇತ್ತೀಚಿನ ಆದೇಶವನ್ನು ಹಿಡಿದು, ಅದರ ‘ಓದಲಾಗಿದೆ’ಯಲ್ಲಿರುವುದಕ್ಕೆ ಹೋಗಿ, ಅದರ ‘ಓದಲಾಗಿದೆ’ಯಿಂದ ಇನ್ನೂ ಹಿಂದಕ್ಕೆ, ಹೀಗೆ ಸರಪಳಿ ಎಳೆದಂತೆ ಹೋದೆವು. ಸರಪಳಿಗೆ ಸಿಕ್ಕ ಕಡತಗಳಿಗೆ ಆರೂ ಕ್ಷೇತ್ರ ತುಂಬಿದೆವು. ಸಿಗದವನ್ನು ಅಳಿಸದೆ ಪ್ರತ್ಯೇಕ ಸಂಗ್ರಹಕ್ಕೆ ಸರಿಸಿ, ‘ವಿವರ ಪರಿಶೀಲಿಸಿಲ್ಲ’ ಎಂದು ಬರೆದೆವು. ಹೀಗೆ ಬರೆಯುವುದು ಇಲಾಖೆಗೆ ಅವಮಾನ ಎಂದು ಒಬ್ಬರು ಆಕ್ಷೇಪಿಸಿದರು. ಆಯುಕ್ತರು ಬರೆಯಲಿ ಬಿಡಿ ಎಂದರು.

ಆಮೇಲೆ

ಇಂಥ ವರದಿಗಳಲ್ಲಿ ಇಲ್ಲಿ ಶೇಕಡಾವಾರು ಅಂಕಿ ಬರಬೇಕು. ನಮ್ಮಲ್ಲಿಲ್ಲ, ಏಕೆಂದರೆ ಶುರುಮಾಡುವ ಮೊದಲು ನಾವು ಏನನ್ನೂ ಅಳೆದಿಟ್ಟುಕೊಂಡಿರಲಿಲ್ಲ. ಕೊನೆಯಲ್ಲಿ ಅಳೆದದ್ದನ್ನು ಹೋಲಿಸಲು ಎದುರಿಗೆ ಏನೂ ಇರಲಿಲ್ಲ. ಇಂಥ ಕೆಲಸಕ್ಕೆ ಕೈಹಾಕುವವರು ಮೊದಲ ವಾರದಲ್ಲೇ ಹತ್ತು ಸಾಮಾನ್ಯ ಹುಡುಕಾಟಗಳನ್ನು ಮಾಡಿ, ಸರಿಯಾದ ಆದೇಶ ಎಷ್ಟನೆಯ ಸಾಲಿನಲ್ಲಿ ಬಂತೆಂದು ಬರೆದಿಟ್ಟುಕೊಂಡರೆ ಸಾಕು, ಒಂದು ಮಧ್ಯಾಹ್ನದ ಕೆಲಸ. ಕಣ್ಣಿಗೆ ಕಂಡದ್ದನ್ನು ಹೇಳುವುದಾದರೆ, ‘ಈ ಸುತ್ತೋಲೆ ಈಗಲೂ ನಡೆಯುತ್ತದೆಯೇ’ ಎಂದು ಜಿಲ್ಲೆಗಳಿಂದ ಬರುತ್ತಿದ್ದ ಕರೆಗಳು ಇಳಿದವು. ಬದಲಿಗೆ ‘ಹಳದಿ ಪಟ್ಟಿಯಲ್ಲಿ ಇಂಥ ಆದೇಶ ಬಿಟ್ಟುಹೋಗಿದೆ’ ಎಂಬ ಕರೆಗಳು ಬರತೊಡಗಿದವು.

ಎಲ್ಲ ನೆಟ್ಟಗಿತ್ತೆಂದಲ್ಲ. ವರ್ಗಾವಣೆಯ ಕಾಲ ಬಂದು, ತರಬೇತಾದ ವಿಷಯ ನಿರ್ವಾಹಕರಲ್ಲಿ ಹಲವರು ಬೇರೆಡೆಗೆ ಹೋದರು. ಹೊಸಬರು ಕಿರುಶೀರ್ಷಿಕೆಯಲ್ಲಿ ಮತ್ತೆ ‘ಬಗ್ಗೆ’ ಎಂದು ಮುಗಿಯುವ ಉದ್ದ ಸಾಲನ್ನೇ ಅಂಟಿಸತೊಡಗಿದರು. ಮತ್ತೊಂದು ಸುತ್ತು ತರಬೇತಿ ಕೊಡುವ ಬದಲು, ನಮೂನೆಯಲ್ಲಿ ಆ ಕ್ಷೇತ್ರದ ಪಕ್ಕದಲ್ಲೇ ಮೊಬೈಲಿನಲ್ಲಿ ಅದು ಹೇಗೆ ಕಾಣುತ್ತದೆ ಎಂಬುದನ್ನು ತೋರಿಸುವ ಪುಟ್ಟ ಚೌಕ ಇಟ್ಟೆವು. ಟೈಪ್ ಮಾಡುತ್ತಿದ್ದಂತೆ ತಮ್ಮ ವಾಕ್ಯ ನಡುವೆ ಕತ್ತರಿಸಿಹೋಗುವುದನ್ನು ಕಂಡು ಹೆಚ್ಚಿನವರು ತಾವೇ ತಿದ್ದಿಕೊಂಡರು. ಇಂಗ್ಲಿಷ್ ಮತ್ತು ಕನ್ನಡದ ಜೋಡಿ ಪುಟಗಳನ್ನು ಒಂದಕ್ಕೊಂದು ಕಟ್ಟುವ ಕೆಲಸ ಮಾತ್ರ ಅರ್ಧಕ್ಕೇ ನಿಂತಿದೆ. ಅನುವಾದ ಯಾವ ಶಾಖೆಯ ಹೊಣೆ ಎಂಬುದು ಇತ್ಯರ್ಥವಾಗಿಲ್ಲ.

ನಾವು ಊಹಿಸದೇ ಇದ್ದ ಬದಲಾವಣೆ ಕಾಗದದಲ್ಲಾಯಿತು. ಕೆಲಸ ಮುಗಿಸಿ ಬಂದ ಎಷ್ಟೋ ತಿಂಗಳ ಮೇಲೆ, ಬೇರೊಂದು ಕಾರಣಕ್ಕೆ ತಾಣ ತೆರೆದವನು ಆ ಅಧೀಕ್ಷಕಿಯ ಶಾಖೆಯ ಹೊಸ ಆದೇಶವೊಂದನ್ನು ನೋಡಿದೆ. ‘ಓದಲಾಗಿದೆ’ ಎಂಬುದರ ಕೆಳಗೆ ‘ಸಮಸಂಖ್ಯೆಯ ಆದೇಶ’ (ಇದೇ ಸಂಖ್ಯೆಯ ಹಿಂದಿನ ಆದೇಶ) ಎಂಬ ಎಂದಿನ ಮೊಟಕು ಮಾತಿರಲಿಲ್ಲ. ಪ್ರತಿ ಹಿಂದಿನ ಆದೇಶದ ಸಂಖ್ಯೆ, ದಿನಾಂಕ ಪೂರ್ತಿಯಾಗಿ ಟೈಪಾಗಿದ್ದವು. ಆದೇಶದ ಸ್ವಂತ ದಿನಾಂಕದ ಜಾಗವನ್ನು ಮಾತ್ರ ಎಂದಿನಂತೆ ಖಾಲಿ ಬಿಟ್ಟು, ನೀಲಿ ಪೆನ್ನಿನಲ್ಲಿ ತುಂಬಿದ್ದರು.